ಕಣ್ಣಿನ ಗೂಡು



ಬೆರಳಿನಿಂದ ಕಣ್ಣಿನ ಸುತ್ತ ಮುಟ್ಟಿ ನೋಡ್ರಿ. ಹುಬ್ಬಿನ ಕೆಳಗೆ ಗಟ್ಟಿ ಎಲುಬು ಕೈಗೆ ಹತ್ತುತ್ತದೆ. ಕೆನ್ನೆಯ ಮೇಲೂ ಎಲುಬು. ಇದೇ ಕಣ್ಣಿನ ಗೂಡು. ಏಳು ಎಲುಬು ಕೂಡಿ ಈ ಗೂಡು ಆಗಿದೆ. ಒಳಗೆ ಮೆತ್ತನೆಯ ಕೊಬ್ಬು. ಕೊಬ್ಬಿನ ನಡುವೆ ಕಣ್ಣುಗುಡ್ಡೆ. ನಮಗೆ ಕಾಣುವುದು ಅದರ ಮುಂದಿನ ಭಾಗ ಅಷ್ಟೇ.

ಈಗ ತಲೆ ಅಲ್ಲಾಡಿಸಬ್ಯಾಡ್ರಿ. ಮೇಲೆ ನೋಡ್ರಿ. ಕೆಳಗೆ ನೋಡ್ರಿ. ಎಡಕ್ಕೆ, ಬಲಕ್ಕೆ ನೋಡ್ರಿ. ಕಣ್ಣು ತಿರುಗಿತಲ್ಲ? ತಿರುಗಿಸಿದವರು ಯಾರು? ಒಂದೊಂದು ಕಣ್ಣಿಗೆ ಆರು ಸ್ನಾಯುಗಳಿವೆ. ಹಗ್ಗ ಎಳೆದ ಕಡೆ ಎತ್ತು ತಿರುಗುತ್ತದೆ. ಸ್ನಾಯು ಎಳೆದ ಕಡೆ ಕಣ್ಣು ತಿರುಗುತ್ತದೆ. ರೆಪ್ಪೆ ಎತ್ತುವ ಸ್ನಾಯು ಬೇರೆ ಇದೆ.

ಹಗ್ಗ ಇದ್ದರೆ ಸಾಕೇ? ಎಳೆ ಎಂದು ಹೇಳುವವರು ಬೇಕು. ಮೆದುಳಿನಿಂದ ಮೂರು ನರಗಳು ಬಂದು ಈ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತವೆ. ನೋಟದ ನರ ಬೇರೆ. ಅದು ಕಣ್ಣಿನ ಹಿಂದಿನಿಂದ ಮೆದುಳಿಗೆ ಹೋಗುತ್ತದೆ. ಅದರಲ್ಲಿ ಹತ್ತು ಲಕ್ಷದಷ್ಟು ಎಳೆಗಳಿವೆ. ಹರಿದರೆ ಹೊಲಿಯಲು ಬರುವುದಿಲ್ಲ.

ಕಣ್ಣಿಗೆ ಏಟು ಬೀಳುವುದು ನಮ್ಮ ಕಡೆ ಹೊಸದಲ್ಲ. ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಫರ್ಸಿ ಕಲ್ಲು ಒಡೆಯುವಾಗ ಚೂರು ಹಾರುತ್ತದೆ. ಸೇಡಂ, ಚಿಂಚೋಳಿಯ ಹೊಲದಲ್ಲಿ ತೊಗರಿ ಕಟ್ಟಿಗೆ ಚುಚ್ಚುತ್ತದೆ. ಹುಡುಗರ ಚಿನ್ನಿದಾಂಡು ಆಟದಲ್ಲಿ ಚಿನ್ನಿ ಬಂದು ಬಡಿಯುತ್ತದೆ. ಮನೆಯಲ್ಲಿ ಗಂಡನ ಕೈಯೂ ಬೀಳುತ್ತದೆ. ಅದಕ್ಕೆ ನಾವು "ಬಾಗಿಲು ಬಡಿಯಿತು" ಅನ್ನುತ್ತೇವೆ.

"ಕಪ್ಪಾಗಿದೆ, ತಾನೇ ಹೋಗುತ್ತದೆ" ಎಂದು ಸುಮ್ಮನಿರುತ್ತೇವೆ. ಬಹಳ ಸಲ ಹೋಗುತ್ತದೆ, ನಿಜ. ಆದರೆ ಗೂಡಿನ ಅಂಚು ಗಟ್ಟಿ, ನೆಲ ಬಹಳ ತೆಳು. ಮುಷ್ಟಿಯ ಏಟಿಗೆ ನೆಲ ಸೀಳಬಹುದು. ಸೀಳಿನಲ್ಲಿ ಸ್ನಾಯು ಸಿಕ್ಕಿಕೊಂಡರೆ ಕಣ್ಣು ಮೇಲೆ ತಿರುಗುವುದಿಲ್ಲ. ಒಂದು ದೀಪ ಎರಡಾಗಿ ಕಾಣುತ್ತದೆ. ಒಂದು ಕಣ್ಣು ಮುಚ್ಚಿದರೆ ಮತ್ತೆ ಒಂದೇ ದೀಪ. ಆ ನೆಲದಲ್ಲಿಯೇ ಒಂದು ನರ ಹಾದು ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕೆನ್ನೆ, ಮೇಲಿನ ತುಟಿ ಜೋಮು ಹಿಡಿಯುತ್ತವೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅವರ ಎಲುಬು ಎಳೆಯದು. ಏಟಿಗೆ ಬಾಗಿ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನಡುವೆ ಸ್ನಾಯುವನ್ನು ಕಚ್ಚಿ ಹಿಡಿಯುತ್ತದೆ. ರಕ್ತ ಓಡದೆ ಸ್ನಾಯು ಕೆಡುತ್ತದೆ. ಹೊರಗೆ ಕಣ್ಣು ಕೆಂಪೂ ಆಗಿರುವುದಿಲ್ಲ. ಆದರೆ ಮಗು ವಾಂತಿ ಮಾಡುತ್ತದೆ. ಮೇಲೆ ನೋಡು ಎಂದರೆ ನೋವಿನಿಂದ ಅಳುತ್ತದೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗ್ರಿ. ನಾಳೆ ಅನ್ನಬ್ಯಾಡ್ರಿ.

ಏಟು ಬಿದ್ದ ಕಣ್ಣಿಗೆ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬ್ಯಾಡ್ರಿ. ಉಜ್ಜಬ್ಯಾಡ್ರಿ. ಒತ್ತಿ ಕಟ್ಟಬ್ಯಾಡ್ರಿ. ಚೂರು ಚುಚ್ಚಿ ನಿಂತಿದ್ದರೆ ಕೀಳಬ್ಯಾಡ್ರಿ, ಡಾಕ್ಟರು ತೆಗೆಯಲಿ. ಮೂಗನ್ನೂ ಸೀಟಬ್ಯಾಡ್ರಿ. ಮೂಗಿಗೂ ಕಣ್ಣಿಗೂ ಏನು ಸಂಬಂಧ ಅಂತೀರಾ? ಗೂಡಿನ ಪಕ್ಕದಲ್ಲೇ ಮೂಗಿನ ಗಾಳಿ ಕೋಣೆಗಳಿವೆ. ನಡುವಿನ ಗೋಡೆ ಸೀಳಿದ್ದರೆ, ಸೀಟಿದ ಗಾಳಿ ಗೂಡಿಗೆ ನುಗ್ಗುತ್ತದೆ. ಕಣ್ಣು ಊದಿಕೊಳ್ಳುತ್ತದೆ.

ಡಾಕ್ಟರ ಮುಂದೆ ನಿಜ ಹೇಳ್ರಿ. ಮುಷ್ಟಿ ಏಟಾದರೆ ಅವರು ಗೂಡಿನ ಎಲುಬು ನೋಡಬೇಕು. ಕಲ್ಲಿನ ಚೂರಾದರೆ ಕಣ್ಣುಗುಡ್ಡೆಯ ಒಳಗೆ ಹುಡುಕಬೇಕು. ಬಾಗಿಲು ಬಡಿಯಿತು ಅಂದರೆ ಅವರಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಹೆಂಗಸರ ಮೇಲೆ ನಡೆಯುವ ಹೊಡೆತದ ವಿರುದ್ಧ 2005ರಲ್ಲಿ ಕಾಯ್ದೆ ಆಗಿದೆ. ಮಹಿಳಾ ಸಹಾಯವಾಣಿ 181. ಆಂಬುಲೆನ್ಸ್ 108.

ಎಲ್ಲರೂ ಪಾಟಿ ತೆಗೀರಿ. ಎರಡೂ ನಂಬರ್ ಬರೀರಿ.