ಕೊಡುಗೆಯ ವಸ್ತುವೂ ಗೃಹಸ್ಥನ ವಿವೇಕವೂ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಮಂಗಳಕಾರ್ಯಕ್ಕೆ ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಈ ನಾಡಿನ ಗೃಹಸ್ಥರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿರುವ ಸತ್ಸಂಪ್ರದಾಯ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಮುತ್ತೈದೆಯರಿಗೆ ಒಂದು ರವಿಕೆಕಣ, ಇವಿಷ್ಟೇ ಹಿಂದಿನ ಕೊಡುಗೆಗಳು. ಎಲೆ ಮಣ್ಣಿಗೆ ಸೇರುತ್ತಿತ್ತು. ಕಾಯಿ ಅಡುಗೆಗೂ ಅದರ ಚಿಪ್ಪು ಒಲೆಗೂ ಒದಗುತ್ತಿದ್ದವು. ಕೊಟ್ಟ ವಸ್ತುವಿನ ಮುಂದಿನ ಗತಿ ಏನೆಂದು ಯಾರೂ ಚಿಂತಿಸಬೇಕಾಗಿರಲಿಲ್ಲ. ಇಂದು ಪರಿಸ್ಥಿತಿ ಹಾಗಿಲ್ಲ. ತಾಂಬೂಲದೊಡನೆ ಪ್ಲಾಸ್ಟಿಕ್ ಡಬ್ಬಿ, ಪೆನ್ನು, ಗೋಡೆ ಗಡಿಯಾರ, ಗಾಜಿನ ಸ್ಮರಣಿಕೆ, ಬಣ್ಣದ ಕೈಚೀಲಗಳೂ ಮನೆ ಸೇರುತ್ತವೆ. ಬೇಡವಾದವು ಅಟ್ಟವನ್ನೇರಿ, ಅಲ್ಲಿಂದ ಒಂದು ದಿನ ಬೀದಿಗೆ ಬೀಳುತ್ತವೆ. ಕೊಡುಗೆಯ ಹೊಣೆ ಅದು ಕೈಯಿಂದ ಕೈಗೆ ದಾಟಿದ ಕ್ಷಣಕ್ಕೆ ಮುಗಿಯುವುದೇ, ಅಥವಾ ವಸ್ತುವಿನ ಕೊನೆಯವರೆಗೂ ಉಳಿಯುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬೀದಿಗೆ ಬಿದ್ದ ಚೀಲದ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಉಳಿದ ಅನ್ನವನ್ನೂ ಹಣ್ಣಿನ ಸಿಪ್ಪೆಯನ್ನೂ ಅದೇ ಚೀಲದಲ್ಲಿ ಗಂಟುಕಟ್ಟಿ ಎಸೆಯುವುದು ಅನೇಕ ಮನೆಗಳ ರೂಢಿ. ಹಸಿದ ಹಸು ವಾಸನೆಯನ್ನರಸಿ ಬರುತ್ತದೆ. ಗಂಟು ಬಿಚ್ಚಲು ಅದಕ್ಕೆ ಕೈಗಳಿಲ್ಲ; ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೂ ಇಲ್ಲ. ನಾಲಿಗೆಯಿಂದ ಸೆಳೆದುಕೊಂಡು ಚೀಲಸಹಿತ ನುಂಗಿಬಿಡುತ್ತದೆ. ಪ್ಲಾಸ್ಟಿಕ್ ಜೀರ್ಣವಾಗದು, ಜಠರದ ನಾಲ್ಕು ಕೋಣೆಗಳಲ್ಲಿ ಮೊದಲನೆಯದರಲ್ಲಿ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೊಟ್ಟೆ ತುಂಬಿದಂತಾಗಿ ಹಸು ಮೇವು ಬಿಡುತ್ತದೆ, ಸೊರಗುತ್ತದೆ. ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಒಂದೇ ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋಗ್ರಾಂ ಪ್ಲಾಸ್ಟಿಕ್ ಹೊರತೆಗೆದ ಪ್ರಸಂಗಗಳುಂಟು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಿಂದ ಹೊರಟ ಚೀಲವೊಂದು ಪಂಚೇಂದ್ರಿಯ ಜೀವಿಯ ಪ್ರಾಣಕ್ಕೆ ಎರವಾಗುವುದಾದರೆ, ಅದಕ್ಕಿಂತ ವಿಷಾದದ ಸಂಗತಿ ಬೇರೆ ಯಾವುದಿದೆ?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಹಿಂಸೆಗೆ ಸಾಧನವಾಗುವ ವಸ್ತುವನ್ನು ಕೊಡುವ ಹಿಂಸಾದಾನವೂ ಒಂದು, ಅಜಾಗರೂಕತೆಯಿಂದ ನಡೆದುಕೊಳ್ಳುವ ಪ್ರಮಾದಚರ್ಯೆಯೂ ಒಂದು. ಆಚಾರ್ಯರ ದೃಷ್ಟಿಯಲ್ಲಿದ್ದುದು ಆಯುಧ, ವಿಷ, ಅಗ್ನಿ ಮುಂತಾದವು. ಆದರೆ ಪ್ರಯೋಜನವಿಲ್ಲದೆ ಜೀವಹಾನಿಗೆ ಕಾರಣನಾಗಬೇಡವೆಂಬ ವ್ರತದ ಆಶಯ ಕಾಲಕ್ಕೆ ಕಟ್ಟುಬಿದ್ದುದಲ್ಲ.

ಈ ವಿಷಯದಲ್ಲಿ ಸರ್ಕಾರದ ಕಟ್ಟಳೆಗಳೂ ಇವೆ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮೊದಲಾದವು ನಿಷಿದ್ಧವಾದವು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳು ನಿಷೇಧಕ್ಕೊಳಗಾದವು. ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳುಹಾಳೆಯೂ ಅವುಗಳಲ್ಲಿ ಸೇರಿದೆ. ಆದರೂ ಒಂದು ಭ್ರಮೆ ಉಳಿದಿದೆ. ಸಮಾರಂಭಗಳಲ್ಲಿ ಹಂಚಲಾಗುವ ಬಣ್ಣಬಣ್ಣದ ಹಗುರವಾದ ಚೀಲವನ್ನು ಬಟ್ಟೆಯದೆಂದೇ ಹಲವರು ನಂಬಿದ್ದಾರೆ. ಅದು ನೇಯ್ದ ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಮಾಡಿದ ಹಾಳೆ. ನೇಯ್ದ ಬಟ್ಟೆಯಲ್ಲಿ ಹಾಸುಹೊಕ್ಕಿನ ನೂಲು ಕಾಣುತ್ತದೆ. ಇದರಲ್ಲಿ ಒತ್ತಿದ ಚುಕ್ಕೆಗಳ ಗುರುತಷ್ಟೇ ಕಾಣುತ್ತದೆ.

ಹಾಗಾದರೆ ಈಗಾಗಲೇ ಮನೆ ಸೇರಿರುವ ವಸ್ತುಗಳಿಗೆ ಮಾರ್ಗವೇನು? ಮೊದಲನೆಯದು, ಸುಸ್ಥಿತಿಯಲ್ಲಿರುವುದನ್ನು ಬೇಕಾದವರಿಗೆ ತಲಪಿಸುವುದು. ಹೊದ್ದಿಸಿದ ಶಾಲುಗಳು ಪೆಟ್ಟಿಗೆಯಲ್ಲಿ ನುಸಿಗೆ ಆಹಾರವಾಗುವುದಕ್ಕಿಂತ ಚಳಿಯಲ್ಲಿ ನಡುಗುವ ವೃದ್ಧರ ಮೈಮೇಲಿರುವುದು ಲೇಸು. ಪೆನ್ನುಗಳನ್ನೂ ಬರೆಯದ ದಿನಚರಿ ಪುಸ್ತಕಗಳನ್ನೂ ಶಾಲೆಯ ಮಕ್ಕಳಿಗೆ ಕೊಡಬಹುದು. ಆದರೆ ಕೊಡುವ ಮುನ್ನ ಕೇಳಬೇಕು. ತೊಳೆದು, ಸರಿಪಡಿಸಿ ಕೊಡಬೇಕು. ನಿಂತ ಗಡಿಯಾರವನ್ನು ಮನೆಗೆಲಸದವಳ ಕೈಗಿಟ್ಟರೆ ಅದು ದಾನವಾಗದು. ತನ್ನ ಕಸವನ್ನು ಬಡವರ ಮನೆಗೆ ಸಾಗಿಸಿದಂತಾಗುತ್ತದೆ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ದಾನದ ಹಿರಿಮೆ ನಿರ್ಧಾರವಾಗುತ್ತದೆಂಬುದನ್ನು ಇಲ್ಲಿ ಮರೆಯಲಾಗದು.

ಎರಡನೆಯದು, ರೂಪಾಂತರ. ಮನೆಯಿಂದ ಮನೆಗೆ ಸುತ್ತಿ, ಹೊಲಿಯಲು ಬಾರದೆ, ಕೊನೆಗೆ ಹೊರಟ ಮನೆಗೇ ಮರಳುವ ರವಿಕೆಕಣವನ್ನು ಅರಿಯದ ಗೃಹಿಣಿಯಿಲ್ಲ. ಅಂತಹ ಎರಡು ಕಣಗಳನ್ನು ಕೂಡಿಸಿದರೆ ಸಂತೆಗೆ ಒಯ್ಯುವ ಚೀಲವಾಗುತ್ತದೆ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತುಂಡು ಬಟ್ಟೆಗಳನ್ನು ಜೋಡಿಸಿ ಕವಂದಿ ಮಾಡುತ್ತಾರೆ. ಈ ಜಾಣ್ಮೆ ನಾಡಿಗೆ ಹೊಸದಲ್ಲ. ಆಮಂತ್ರಣ ಪತ್ರಿಕೆಯ ಖಾಲಿ ಬೆನ್ನು ಲೆಕ್ಕ ಬರೆಯಲು, ಪಂಚಾಂಗದ ದಪ್ಪ ಹಾಳೆ ಪುಸ್ತಕಕ್ಕೆ ಹೊದಿಕೆ ಹಾಕಲು ಒದಗುತ್ತವೆ. ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಕೊರೆದರೆ ತುಳಸಿಯ ಸಸಿಗೆ ಕುಂಡವಾಗುತ್ತದೆ.

ಮೂರನೆಯದು, ಯಾವುದಕ್ಕೂ ಒದಗದುದನ್ನು ಬೇರ್ಪಡಿಸಿ ಒಪ್ಪಿಸುವುದು. ಗಡಿಯಾರದ ಬ್ಯಾಟರಿಯನ್ನು ತೆಗೆದು ಪ್ರತ್ಯೇಕವಾಗಿಡಬೇಕು. ಕಾಗದ, ಲೋಹ, ಪ್ಲಾಸ್ಟಿಕ್ಕುಗಳನ್ನು ಒಣಗಿಸಿ ಹಸಿಕಸದಿಂದ ದೂರವಿಟ್ಟರೆ ಮಾತ್ರ ಅವು ಮರುಬಳಕೆಗೆ ಯೋಗ್ಯ. ಬಚ್ಚಲ ಒಲೆಗೆ ಪ್ಲಾಸ್ಟಿಕ್ ತುರುಕುವ ಅಭ್ಯಾಸವಂತೂ ಸರ್ವಥಾ ತ್ಯಾಜ್ಯ. ಅದರ ಹೊಗೆ ಉಸಿರಾಡುವವರೆಲ್ಲರಿಗೂ ವಿಷಪ್ರಾಯ.

ಇವೆಲ್ಲಕ್ಕೂ ಮೇಲಾದುದು ಕೊಡುವವರ ವಿವೇಕ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕೊಡುಗೆ ಅಟ್ಟ ಸೇರುವಂತಹುದಾಗಿರಲಿಲ್ಲ. ಓದುವವರ ಕೈಗಳಲ್ಲಿ ಬಾಳುವಂತಹುದಾಗಿತ್ತು. ಬಸದಿಯ ಉತ್ಸವಗಳಲ್ಲಿಯೂ ಒಂದು ಒಳ್ಳೆಯ ಗ್ರಂಥ, ಒಂದು ಸಸಿ, ಒಂದು ನೂಲಿನ ಚೀಲ ಸಾಕು. ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವ ಸ್ಟೀಲಿನ ತಟ್ಟೆ ಲೋಟಗಳನ್ನು ಬಸದಿಯ ಪಾತ್ರೆಗಳ ಉಗ್ರಾಣಕ್ಕೆ ಒಪ್ಪಿಸಿದರೆ ಊರಿನ ಎಲ್ಲ ಕಾರ್ಯಗಳಿಗೂ ಅವು ಒದಗಿ, ಎಸೆಯುವ ತಟ್ಟೆಗಳ ಅಗತ್ಯವೇ ತಪ್ಪುತ್ತದೆ.

ಅಪರಿಗ್ರಹವೆಂದರೆ ಬೇಡವಾದುದನ್ನು ಕಣ್ಣಿಗೆ ಕಾಣದಂತೆ ಎಸೆಯುವುದಲ್ಲ. ಬೇಕಾದಷ್ಟನ್ನೇ ಇಟ್ಟುಕೊಂಡು, ಹೆಚ್ಚಾದುದನ್ನು ಯಾವ ಜೀವಕ್ಕೂ ನೋವಾಗದಂತೆ ಬಿಡುವುದು. ಉತ್ಸವ ಮುಗಿದ ಮರುದಿನ ಬಸದಿಯ ಬೀದಿಯಲ್ಲಿ ನಡೆದುಬರುವ ಹಸುವಿಗೆ ಹುಲ್ಲೇ ಸಿಗಲಿ, ಚೀಲ ಸಿಗದಿರಲಿ. ಅಂತಹ ಎಚ್ಚರ ಪ್ರತಿಯೊಬ್ಬ ಶ್ರಾವಕ ಶ್ರಾವಕಿಯರಲ್ಲಿ ನೆಲಸಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.