ಜೆಲ್ ಫೋಟೊಕ್ಕ ಬ್ಯೂಟಿ ಮೋಡ್ ಬ್ಯಾಡ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಬಿ.ಎಸ್ಸಿ ಗೆಳೆಯರೇ, ಕಬ್ಬು ಹುಲ್ಲಿನಂಗ ಬೆಳೆದು ಗರಿ ಬೆಳ್ಳಗಾಗೋ ರೋಗ ನೋಡಿರಬೇಕು. ಅದಕ್ಕೆ ಕಾರಣ ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ. ಅದು ಎಲೆಯೊಳಗೆ ಐತೋ ಇಲ್ಲೋ ಅಂತ ಪಿಸಿಆರ್ ಮಾಡಿ, ಜೆಲ್ ಮೇಲಿನ ಡಿಎನ್‌ಎ ಪಟ್ಟಿ ನೋಡಿ ಹೇಳ್ತಾರೆ.

ಆ ಪಟ್ಟಿ ಬರಿಗಣ್ಣಿಗೆ ಕಾಣೂದಿಲ್ಲ. ಫೋಟೊ ತೆಗೆಯುವ ಯಂತ್ರ ಜೆಲ್ ಡಾಕ್, ಬೆಲೆ ಲಕ್ಷಗಳಲ್ಲಿ. ಕಲಿಯೋದಕ್ಕೆ ಮೊಬೈಲ್ ಸಾಕು. ಸೈಬರ್ ಸೇಫ್‌ನಂಥ ಬಣ್ಣ, ನೀಲಿ ಎಲ್‌ಇಡಿ, ಕತ್ತಲೆ ಡಬ್ಬಿ, ಕ್ಯಾಮೆರಾ ಮುಂದೆ ಕಿತ್ತಳೆ ಫಿಲ್ಟರ್. ಫಿಲ್ಟರ್ ನೀಲಿ ಬೆಳಕು ತಡೆದು ಡಿಎನ್‌ಎ ಹೊಳಪನ್ನಷ್ಟೇ ಒಳಗೆ ಬಿಡ್ತೈತಿ. ಯುವಿ ಇಲ್ಲ, ಹಂಗಾಗಿ ಕಣ್ಣು, ಚರ್ಮಕ್ಕೆ ಅಪಾಯ ಕಡಿಮೆ. ಕೈಗವಸು ಮಾತ್ರ ಬಿಡಬ್ಯಾಡ್ರಿ.

ಆದ್ರ ಮೊಬೈಲ್‌ಗೆ ಒಂದು ಚಟ: ಫೋಟೊ ಚಂದ ಮಾಡೋದು. ಮಸುಕು ಪಟ್ಟಿ ಎತ್ತತೈತಿ, ದಟ್ಟ ಪಟ್ಟಿ ಇಳಸ್ತೈತಿ. ಎಚ್‌ಡಿಆರ್, ನೈಟ್ ಮೋಡ್ ಆಫ್ ಮಾಡ್ರಿ. ಪ್ರೊ ಮೋಡ್‌ನಲ್ಲಿ ಐಎಸ್‌ಒ, ಶಟರ್ ಪ್ರತಿಸಲ ಒಂದೇ ಇಡ್ರಿ. ಪಟ್ಟಿ ಪೂರ್ತಿ ಬೆಳ್ಳಗಾದ್ರೆ ಎಕ್ಸ್‌ಪೋಶರ್ ಇಳಿಸ್ರಿ. ಇಲ್ಲಾಂದ್ರೆ ಯಾವುದು ಹೆಚ್ಚು, ಯಾವುದು ಕಡಿಮೆ ಗೊತ್ತಾಗೂದಿಲ್ಲ. ಮೂಲ ಫೈಲ್ ಅಳಿಸಬ್ಯಾಡ್ರಿ.

ಆ ಮಸುಕು ಪಟ್ಟಿ ನಂಬಿ ರೈತ ಬೀಜದ ಕಬ್ಬು ಆರಿಸ್ತಾನೆ. ಸೆಲ್ಫಿ ಚಂದ ಕಾಣ್ಲಿ, ಜೆಲ್ ಫೋಟೊ ಖರೆ ಹೇಳ್ಲಿ. ಬರ್ತೀನ್ರಿ.