ನಿಮ್ಮ ಮಾತು ಪಟ್ಟಿಗೆ ಬರಲಿ
(ಸೂಳೆಕೆರೆ ಭಾಗದ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್, ಬಟವಾಡೆ, ಇವುಗಳ ಲೆಕ್ಕವನ್ನು ಈಗ ಗಣಕಯಂತ್ರ ಇಡುತ್ತದೆ. ಅದು ಏನೇನು ಮಾಡಬೇಕೆಂದು ಮೊದಲೇ ಪಟ್ಟಿ ಬರೆದು ತಂತ್ರಾಂಶ ತಯಾರಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ಯಂತ್ರದಲ್ಲೂ ಇರದು.

ಈ ಪಟ್ಟಿಯನ್ನು ಸದಸ್ಯರ ಮಾತಿನಿಂದಲೇ ತೆಗೆಯುವ ವಿಧಾನ ಈಗ ಬಂದಿದೆ. ಸಭೆಯ ಮಾತನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ‘ಭಾಷಾ ಮಾದರಿ’ಗೆ ಕೊಟ್ಟರೆ ಅದು ಬೇಡಿಕೆಗಳನ್ನು ವಿಂಗಡಿಸಿ ಕೊಡುತ್ತದೆ. 2022ರಲ್ಲಿ ಬಂದ ಚಾಟ್‌ಜಿಪಿಟಿ ಈ ಬಗೆಯದು. ಕನ್ನಡ ಮಾತನ್ನು ಬರಹಕ್ಕಿಳಿಸಲು ಕೇಂದ್ರ ಸರ್ಕಾರದ ‘ಭಾಷಿಣಿ’ಯೂ ಇದೆ.

ಆದರೆ ಎಚ್ಚರ ಬೇಕು. “ಅದೇ ಹಸು, ಅದೇ ಮೇವು. ನಿನ್ನೆ ಫ್ಯಾಟ್ 4.1, ಇವತ್ತು 3.4. ಹೆಂಗೆ?” ಎಂದು ಒಬ್ಬ ತಾಯಿ ಕೇಳಿದರೆನ್ನಿ. ಯಂತ್ರವು ‘ಚೀಟಿಯಲ್ಲಿ ಫ್ಯಾಟ್ ಮುದ್ರಿಸಬೇಕು’ ಎಂದಷ್ಟೇ ಬರೆದೀತು. ಆಕೆಗೆ ಬೇಕಾದದ್ದು ಬೇರೆ: ಪರೀಕ್ಷೆ ಕಣ್ಣೆದುರು ಆಗಬೇಕು, ಅನುಮಾನ ಬಂದರೆ ಮರುಪರೀಕ್ಷೆ ಇರಬೇಕು, ಹಿಂದಿನ ದಿನಗಳ ಲೆಕ್ಕ ಕನ್ನಡದಲ್ಲಿ ಸಿಗಬೇಕು. ಯಾರೂ ಆಡದ ಮಾತನ್ನು ಯಂತ್ರ ಸೇರಿಸುವುದೂ ಉಂಟು. ಇನ್ನು, ಹಾಲು ಕರೆಯುವ ಹೆಣ್ಣುಮಕ್ಕಳು ಸಭೆಗೇ ಬಾರದಿದ್ದರೆ ಅವರ ಕಷ್ಟ ಅದಕ್ಕೆ ತಿಳಿಯುವುದು ಹೇಗೆ?

ಸೂಳೆಕೆರೆ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಬಾರದು. ಸಿದ್ಧನ ತೂಬು, ಬಸವನ ತೂಬು ತೆರೆಯಬೇಕು. ಹಾಗೆಯೇ ಮಾತು ಮುದ್ರಣವಾದರೆ ಸಾಲದು. ಮುದ್ರಿಸುವ ಮುನ್ನ ಒಪ್ಪಿಗೆ ಕೇಳಿ. ತಾಯಂದಿರನ್ನು ಕರೆತನ್ನಿ. ಯಂತ್ರ ಕೊಟ್ಟ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಿದ್ದಿಸಿ, ಆಮೇಲೆ ನಡವಳಿ ಪುಸ್ತಕಕ್ಕೆ ಸೇರಿಸಿ. ಹಾಲು ನಿಮ್ಮದು, ಸಂಘ ನಿಮ್ಮದು, ಪಟ್ಟಿಯೂ ನಿಮ್ಮದಾಗಲಿ.